ಟ್ಯಾಂಕಿನ ಹೊರಗೆ ಹಾದ ಕೇಬಲ್

"ಅದನ್ನ ಮುಟ್ಟಬೇಡಿ ಅಂತ ನಿನ್ನೇನೇ ಹೇಳಿದ್ದೆ, ಪ್ಯೂ."

ನಾನು ಮುಟ್ಟಿಯಾಗಿತ್ತು. ಠಾಣೆಯ ಹಿಂದಿನ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ನಿಲ್ಲಿಸಿದ್ದ ಇಡ್ವಲ್ ಭಾವನ ಬೈಕಿನ ಕ್ಲಚ್ ಹಿಡಿ ನನ್ನ ಎಡಗೈಯಲ್ಲಿತ್ತು. ಇನ್ಸ್‌ಪೆಕ್ಟರ್ ಹ್ಯಾರಪ್ ಹಿಂಬಾಗಿಲಲ್ಲಿ ಕೋಟಿನ ಕಾಲರ್ ಎತ್ತಿಕೊಂಡು ನಿಂತಿದ್ದರು.

"ಒಂದ್ಸಲ ನೀವೇ ಎಳೆದು ನೋಡಿ ಸರ್. ಆಮೇಲೆ ಬೈಯುವಿರಂತೆ."

ಹ್ಯಾರಪ್ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶನಿವಾರದಿಂದ ಅವರನ್ನು ನಾನು ಮನಸ್ಸಿನಲ್ಲೇ ಸಾಕಷ್ಟು ಶಪಿಸಿದ್ದೇನೆ. ಗಡಿಯಾಚೆಯಿಂದ ಬಂದ ಇಂಗ್ಲಿಷ್ ಮನುಷ್ಯ, ನಮ್ಮ ವೆಲ್ಷ್ ಮಾತಿನ ಒಂದಕ್ಷರ ಬಾರದು. ಆದರೆ ಇಲ್ಲದ ಸಾಕ್ಷಿಯನ್ನು ಹುಟ್ಟಿಸುವ ಜಾತಿಯಲ್ಲ. ಇದ್ದ ಸಾಕ್ಷಿಯೆಲ್ಲ ನನ್ನ ಸೊಸೆಯ ಕಡೆಗೇ ಬೆರಳು ತೋರಿಸುತ್ತಿದ್ದರೆ ಅದು ಅವರ ತಪ್ಪೂ ಅಲ್ಲ.

ಇಡ್ವಲ್ ನನ್ನ ಹೆಂಡತಿ ಓಲ್ವೆನ್‌ಳ ಅಣ್ಣ. ಶನಿವಾರ ಸಂಜೆ ಬೆಟ್ಟದ ಗೇಟಿನ ಬಳಿ, ರಸ್ತೆಯಂಚಿನ ಕೆಳಗೆ, ತೊರೆಯ ಬಂಡೆಗಳ ಮೇಲೆ ಸತ್ತು ಬಿದ್ದಿದ್ದ. ಅವನ ಒಬ್ಬಳೇ ಮಗಳು, ನಾನು ಸೊಸೆ ಎಂದ ಮೆರೆರಿಡ್, ಕೊಲೆಯ ಅನುಮಾನದ ಮೇಲೆ ಒಳಗಿದ್ದಳು. ನಾಳೆ ಬೆಳಿಗ್ಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವವರಿದ್ದರು.

ಹ್ಯಾರಪ್ ಹತ್ತಿರ ಬಂದು ಹಿಡಿಯನ್ನು ಎಳೆದರು. ಸಲೀಸಾಗಿ ಬಂತು.

"ಚೆನ್ನಾಗೇ ಇದೆಯಲ್ಲ."

"ಹೊಸ ಕೇಬಲ್, ಅದಕ್ಕೆ. ಈಗ ಹ್ಯಾಂಡಲನ್ನ ಪೂರ್ತಿ ಬಲಕ್ಕೆ ತಿರುಗಿಸಿ."

ತಿರುಗಿಸಿದರು. ಕೇಬಲ್ ಬಿಗಿದುಕೊಂಡಿತು. ಯಾರೂ ಹಿಡಿ ಎಳೆಯದೆಯೇ ಕೆಳಗೆ ಗೇರ್‌ಬಾಕ್ಸಿನ ಪಕ್ಕದ ಕ್ಲಚ್ ತೋಳು ಅರ್ಧ ಮೇಲೆದ್ದಿತು.

"ಬಲಗಡೆ ತಿರುವು ಬಂದಾಗಲೆಲ್ಲ ಕ್ಲಚ್ ತಾನಾಗೇ ಅರ್ಧ ಬಿಟ್ಟುಕೊಳ್ಳುತ್ತೆ," ಎಂದೆ. "ಕೇಬಲ್ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ, ಚೌಕಟ್ಟಿಗೆ ಅಂಟಿಕೊಂಡು ಹೋಗಬೇಕು. ಇದನ್ನ ಟ್ಯಾಂಕಿನ ಹೊರಗೆ ಹಾಯಿಸಿ ಹುರಿಯಲ್ಲಿ ಕಟ್ಟಿದಾರೆ. ನೋಡಿ ಇಲ್ಲಿ."

"ಬೆಟ್ಟದ ಮೇಲೆ ಕೇಬಲ್ ತುಂಡಾಗಿದೆ. ಮುದುಕ ಅವಸರದಲ್ಲಿ ಹಾಕಿಕೊಂಡಿದಾನೆ."

"ಎರಡು ಚಳಿಗಾಲದಿಂದ ಅವನಿಗೆ ಬೆರಳು ಮಡಚಕ್ಕೇ ಆಗ್ತಿರಲಿಲ್ಲ ಸರ್. ಕೀಲುವಾತ. ಇಡೀ ಅಂಗೈ ಹಾಕಿ ಹಿಡಿ ಎಳೆದು ಬೈಕ್ ಓಡಿಸ್ತಿದ್ದ, ನಿಜ. ಆದ್ರೆ ಕೇಬಲ್ ತುದೀಲಿರೋ ಬಟಾಣಿಯಷ್ಟು ಗುಂಡನ್ನ ಹಿಡಿಯ ಗೂಡಿಗೆ ಕೂರಿಸೋದು ಅವನ ಕೈಲಾಗದ ಕೆಲಸ. ಅಂಗಿ ಗುಂಡೀನೇ ಮಗಳು ಹಾಕಿಕೊಡ್ತಿದ್ದಳು."

"ಹಾಗಾದ್ರೆ ಕೇಬಲನ್ನೂ ಮಗಳೇ ಹಾಕಿದಾಳೆ."

"ಮೆರೆರಿಡ್ ಹೀಗೆ ಹಾಕಲ್ಲ. ಕಣ್ಣು ಕಟ್ಟಿ ಕೂರಿಸಿದ್ರೂ ಹಾಕಲ್ಲ. ಹದಿನೈದು ವರ್ಷದಿಂದ ಆ ಗ್ಯಾರೇಜ್ ನಡೆಸ್ತಿರೋಳು ಅವಳು."

ಹ್ಯಾರಪ್ ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು. ಅವರ ದನಿ ಮೆತ್ತಗಾಯಿತು, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

"ಗೇಟಿನ ಹತ್ರ ಕೆಸರಲ್ಲಿ ಆ ಗ್ಯಾರೇಜಿನ ವ್ಯಾನಿನ ಚಕ್ರದ ಗುರುತಿದೆ. ತಂದೆ ಬೈಕಲ್ಲಿದ್ದ. ಉಳಿದೋಳು ಮಗಳೊಬ್ಬಳೇ. ಹಿಂದಿನ ದಿನ ಗ್ಯಾರೇಜ್ ಮಾರೋ ವಿಷಯಕ್ಕೆ ಇಬ್ಬರೂ ಕಿತ್ತಾಡಿದ್ದನ್ನ ಇಡೀ ಬೀದಿ ಕೇಳಿದೆ. ಸತ್ತವನ ಕೋಟಿನ ಎದೆ ಮೇಲಿನ ಗುಂಡಿಗಳು ಕಿತ್ತುಬಂದಿವೆ. ಯಾರೋ ಹಿಡಿದು ಜಗ್ಗಿದಾರೆ. ಇಷ್ಟಾದ್ರೂ ಆಕೆ ತುಟಿ ಎರಡು ಮಾಡ್ತಿಲ್ಲ. ನನ್ನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ?"

ಅವರು ಮಾಡಿದ್ದನ್ನೇ ಮಾಡುತ್ತಿದ್ದೆ.

"ಈ ಕೇಬಲ್ ಹಾಕಿದೋನು ಸಿಕ್ಕಿದ್ರೆ?" ಎಂದೆ. "ಇಡ್ವಲ್‌ನ ಜೊತೆ ಕೊನೇಲಿದ್ದೋನು ಅವನು. ಅವನು ಇದುವರೆಗೂ ಮುಂದೆ ಬಂದಿಲ್ಲ."

"ಸಿಕ್ಕಿದ್ರೆ ಕರ್ಕೊಂಡು ಬನ್ನಿ, ಕೇಳ್ತೀನಿ. ಆದ್ರೆ ನೀವು ಆಕೆ ಸಂಬಂಧಿ, ಪ್ಯೂ. ಸಮವಸ್ತ್ರ ಬಿಚ್ಚಿಟ್ಟು ಹೋಗಿ."

ಅವರು ಒಳಗೆ ಹೋದ ಮೇಲೂ ನಾನು ಆ ಹುರಿಯನ್ನೇ ನೋಡುತ್ತಾ ನಿಂತೆ. ಹುಲ್ಲಿನ ಪಿಂಡಿ ಕಟ್ಟುವ ಪ್ಲಾಸ್ಟಿಕ್ ಹುರಿ. ನಮ್ಮ ಕಣಿವೆಯ ರೈತನ ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಈ ಹುರಿ ಇದ್ದೇ ಇರುತ್ತದೆ. ಬೇಲಿ, ಗೇಟು, ನಾಯಿ, ಜಾರುವ ಪ್ಯಾಂಟು, ಎಲ್ಲಕ್ಕೂ ಅದೇ. ಊರಿನ ಒಂದೇ ಒಂದು ಅಂಗಡಿಯಲ್ಲಿ ಸಿಗುವುದು ಕಿತ್ತಳೆ ಬಣ್ಣದ್ದು, ಎಲ್ಲರೂ ಕೊಳ್ಳುವುದೂ ಅದನ್ನೇ.

ಇದು ನೀಲಿ.

ಬೆಟ್ಟದಾಚೆಯ ಪೇಟೆಯಿಂದ ನೀಲಿ ಹುರಿ ತರುವ ಮನುಷ್ಯ ನಮ್ಮಲ್ಲಿ ಒಬ್ಬನೇ. ಹೆಂದ್ರೆ ಎಂಬ ಮೇಲಿನ ಹೊಲಮನೆಯ ಟೆಗಿಡ್. ನಮ್ಮ ಪುಟ್ಟ ಪ್ರಾರ್ಥನಾ ಮಂದಿರವಾದ ಚಾಪೆಲನ್ನು ಮುಚ್ಚಬೇಕೋ ಬೇಡವೋ ಎಂದು ಮತಕ್ಕೆ ಹಾಕಿದಾಗ, ಮಾಡು ಬೀಳುವ ಮೊದಲು ಮುಚ್ಚೋಣ ಎಂದು ಕೈ ಎತ್ತಿದವನು ಅವನು. ಮುಚ್ಚಬಾರದು ಎಂದು ಎದ್ದು ನಿಂತು ಅತ್ತವನು ಇಡ್ವಲ್. ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ. ಅಂಗಡಿಯವನು ಇಡ್ವಲ್‌ನ ಕಡೆ ನಿಂತದ್ದಕ್ಕೆ ಟೆಗಿಡ್ ಊರಿನಲ್ಲಿ ಉಪ್ಪನ್ನೂ ಕೊಳ್ಳುವುದಿಲ್ಲ. ವರ್ಷಗಟ್ಟಲೆಯ ಹಟ ಅದು.

ಅಷ್ಟು ಹಗೆಯಿದ್ದವನು ಇಡ್ವಲ್‌ನ ಬೈಕಿಗೆ ಕೈ ಹಾಕಿದ್ದೇಕೆ? ಹಾಕಿದವನು ಅದನ್ನು ಬಚ್ಚಿಟ್ಟದ್ದೇಕೆ? ಮೆರೆರಿಡ್‌ಳನ್ನು ಹೊರಗೆ ತರುವ ದಾರಿ ನನಗೆ ಕಂಡಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಯಿತು.

ಬಟ್ಟೆ ಬದಲಿಸಲು ಮನೆಗೆ ಹೋದೆ. ಸಾವಿನ ಮನೆಯ ರೂಢಿಯಂತೆ ಬೀದಿ ಕಡೆಯ ಪರದೆಗಳನ್ನು ಎಳೆದಿತ್ತು. ಓಲ್ವೆನ್ ಅಡುಗೆಮನೆಯಲ್ಲಿ ಕೂತು, ನೋಡಿ ಹೋಗಲು ಬರುವವರಿಗೆಂದು ಬಾರಾ ಬ್ರಿತ್ ಕತ್ತರಿಸುತ್ತಿದ್ದಳು. ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿಯ ಆ ರೊಟ್ಟಿಯನ್ನು ಅವಳಷ್ಟು ತೆಳ್ಳಗೆ ಕತ್ತರಿಸುವವರು ಬೀದಿಯಲ್ಲಿಲ್ಲ. ಅಂದು ಹೋಳುಗಳು ದಪ್ಪದಪ್ಪವಾಗಿದ್ದವು.

"ಅವಳನ್ನ ನೋಡಿದ್ಯಾ?" ಎಂದಳು.

"ಇನ್ನೂ ಬಿಟ್ಟಿಲ್ಲ. ಸಂಜೆ ಕೇಳ್ತೀನಿ."

"ಸಾಕ್ಷಿ ಇಲ್ಲದಿದ್ರೆ ಬಿಡ್ಲೇಬೇಕಲ್ವಾ, ಎಮ್ಲಿನ್? ಚಕ್ರದ ಗುರುತು ಒಂದಿದ್ರೆ ಸಾಲಲ್ಲ ಅಂತ ನೀನೇ ಅಂದಿದ್ದೆ."

"ಸಾಲಲ್ಲ ಅಂತ ನಾನಂದೆ. ಮ್ಯಾಜಿಸ್ಟ್ರೇಟರು ಏನಂತಾರೋ."

ಮೆರೆರಿಡ್‌ಳ ತಾಯಿ ಹೆರಿಗೆಯಲ್ಲೇ ತೀರಿಕೊಂಡಳು. ತೊಟ್ಟಿಲ ಕೂಸನ್ನು ಶಾಲಿನಲ್ಲಿ ಸುತ್ತಿ ಮನೆಗೆ ತಂದವಳು ಓಲ್ವೆನ್. ನಮಗೆ ಮಕ್ಕಳಾಗಲಿಲ್ಲ. ಸ್ಕೂಲಿಗೆ ಹೋಗುವ ತನಕ ಆ ಮಗು ನಮ್ಮಿಬ್ಬರ ನಡುವೆಯೇ ಮಲಗುತ್ತಿತ್ತು. ಅಣ್ಣ ಸತ್ತ, ಮಗಳಂಥವಳು ಜೈಲಿನಲ್ಲಿ. ಹೆಂಡತಿಯ ಮುಖ ನೋಡಲಾರದೆ ಅವಳ ಭುಜದ ಮೇಲೆ ಕೈಯಿಟ್ಟು ನಿಂತೆ.

"ಒಂದು ಸುಳಿವು ಸಿಕ್ಕಿದೆ ಓಲ್ವೆನ್. ಗೇಟಿನ ಹತ್ರ ಅಣ್ಣನ ಜೊತೆ ಇನ್ನೊಬ್ಬರಿದ್ರು."

ಚಾಕು ನಿಂತಿತು. "ಯಾರು?"

"ಟೆಗಿಡ್ ಅಂತ ಕಾಣುತ್ತೆ. ಕೇಬಲ್ ಹಾಕಿಕೊಟ್ಟಿದಾನೆ. ಅಲ್ಲಿಗೇ ಹೊರಟಿದೀನಿ."

"ಇವತ್ತೇ ಹೋಗಬೇಕಾ? ಆ ಮನುಷ್ಯನ ಹತ್ರ ಏನು ಮಾತು. ಊಟ ಮಾಡು, ಮಲಕ್ಕೋ. ನೀನು ಶನಿವಾರದಿಂದ ಕಣ್ಣು ಮುಚ್ಚಿಲ್ಲ."

"ನಾಳೆ ಬೆಳಿಗ್ಗೆ ಹೊತ್ತಿಗೆ ತಡ ಆಗಿಹೋಗುತ್ತೆ," ಎಂದು ಒಂದು ಹೋಳನ್ನು ಕೈಯಲ್ಲೇ ಹಿಡಿದು ಹೊರಟೆ. ಅವಳು ಮತ್ತೇನೋ ಅಂದಳು. ಬಾಗಿಲು ಹಾಕಿಕೊಂಡಿದ್ದರಿಂದ ನನಗೆ ಕೇಳಿಸಲಿಲ್ಲ.

ಟೆಗಿಡ್ ಕೊಟ್ಟಿಗೆಯ ಮುಂದೆ ಒಂದು ಕುರಿಯನ್ನು ಅಂಡಿನ ಮೇಲೆ ಕೂರಿಸಿ, ಅದರ ಬೆನ್ನನ್ನು ತನ್ನ ಮಂಡಿಗೆ ಆನಿಸಿಕೊಂಡು ಗೊರಸು ಕತ್ತರಿಸುತ್ತಿದ್ದ. ನನ್ನನ್ನು ಕಂಡು ತಲೆಯೆತ್ತಿ ಮತ್ತೆ ಬಗ್ಗಿಸಿದ.

"ಸಮವಸ್ತ್ರ ಇಲ್ಲದೆ ಬಂದಿದೀಯ. ಕೆಲಸ ಹೋಯ್ತಾ?"

"ಇನ್ನೂ ಇಲ್ಲ. ಸಂಜೆ ಹೊತ್ತಿಗೆ ಹೋಗಬಹುದು."

"ಹಾಗಾದ್ರೆ ಈ ಕುರಿ ಹಿಡ್ಕೊ. ದಂಡಕ್ಕೆ ನಿಲ್ಲಬೇಡ."

ಹಿಡಿದುಕೊಂಡೆ. ಗಾಳಿ ಬೆಟ್ಟದಿಂದ ನೇರ ಕೆಳಗೆ ಬೀಸುತ್ತಿತ್ತು. ನಾಯಿ ನಮ್ಮಿಬ್ಬರನ್ನೂ ಅನುಮಾನದಿಂದ ನೋಡುತ್ತಾ ಮಲಗಿತ್ತು.

"ಶನಿವಾರ ಬೆಟ್ಟದ ಗೇಟಿಗೆ ಹೋಗಿದ್ಯಾ?"

"ಇಲ್ಲ ಅಂತ ನಿಮ್ಮ ಇನ್ಸ್‌ಪೆಕ್ಟರಿಗೆ ಹೇಳಿದೀನಿ."

"ಅವರಿಗೆ ಹೇಳಿದ್ದು ಗೊತ್ತು. ನನಗೆ ಹೇಳು."

"ಇಲ್ಲ."

"ನಿನ್ನ ಸೊಂಟಕ್ಕೆ ಕಟ್ಟಿರೋ ಹುರಿ ಯಾವ ಬಣ್ಣ ಟೆಗಿಡ್?"

ಅವನು ಇನ್ನೊಂದು ಗೊರಸನ್ನು ಹಿಡಿದ.

"ಇಡ್ವಲ್‌ನ ಬೈಕಲ್ಲಿ ಕೇಬಲನ್ನ ಟ್ಯಾಂಕಿಗೆ ಕಟ್ಟಿರೋದೂ ಅದೇ ಬಣ್ಣ. ಗಂಟು ಕುರಿಯ ಕೊರಳಿಗೆ ಹಾಕೋ ಗಂಟು. ಬೇರೆ ಯಾರೂ ಈ ಕಣಿವೇಲಿ ನೀಲಿ ಹುರಿ ಇಟ್ಕೊಳ್ಳಲ್ಲ, ನಿನ್ನ ಹಟದ ದೆಸೆಯಿಂದ ನೀನೊಬ್ಬನೇ. ಅಲ್ಲಿ ಒಬ್ಬ ಸತ್ತಿದಾನೆ. ಅವನ ಮಗಳು ಒಳಗೆ ಕೂತಿದಾಳೆ. ನೀನು ಸುಳ್ಳು ಹೇಳ್ತಿದೀಯ."

ಕತ್ತರಿ ನಿಂತಿತು. ಟೆಗಿಡ್ ಕುರಿಯನ್ನು ಬಿಟ್ಟ. ಅದು ಎದ್ದು ಮೈ ಕೊಡವಿಕೊಂಡು ಓಡಿತು.

"ಕೆಟ್ಟದಾಗಿ ಹಾಕಿದೀನಿ ಅಲ್ವಾ?" ಎಂದ.

"ತುಂಬಾ ಕೆಟ್ಟದಾಗಿ."

"ಅವನೂ ಹಾಗೇ ಅಂದ."

ಕೊಟ್ಟಿಗೆಯ ಗೋಡೆಗೆ ತಾಗಿಸಿ ಹಾಕಿದ್ದ ಕಲ್ಲಿನ ಮೇಲೆ ಕುಳಿತ. ನಾನು ನಿಂತೇ ಇದ್ದೆ. ಒಬ್ಬ ಕೊಲೆಗಾರನ ಬಾಯಿಂದ ಸತ್ಯ ಹೊರಡುವುದನ್ನು ಕೇಳುತ್ತಿದ್ದೇನೆ ಎಂದುಕೊಂಡಿದ್ದೆ.

"ಗೇಟು ತೆಗೆಯಕ್ಕೆ ಅಂತ ನಿಲ್ಲಿಸಿದಾನೆ. ಕ್ಲಚ್ ಎಳೆದ ಕೂಡ್ಲೆ ಹಿಡಿಯ ಹತ್ರ ತುಂಡಾಗಿದೆ," ಎಂದ. "ಅಲ್ಲಿಂದ ಮುಂದೆ ಏರು. ತಳ್ಳಿ ಸ್ಟಾರ್ಟ್ ಮಾಡಕ್ಕೂ ಆಗಲ್ಲ. ನಾನು ನಾಯಿ ಜೊತೆ ಇಳೀತಾ ಇದ್ದೆ. ನೋಡಿಯೂ ನೋಡದ ಹಾಗೆ ಹೋಗ್ತಿದ್ದೆ ಕೂಡ. ಆದ್ರೆ ಅವನು ಬೈಕಲ್ಲೇ ಇಟ್ಕೊಂಡಿದ್ದ ಹೊಸ ಕೇಬಲನ್ನ ಹಲ್ಲಲ್ಲಿ ಕಚ್ಚಿಕೊಂಡಿದ್ದ ಕಣೋ. ಕೈಲಾಗದ್ದನ್ನ ಹಲ್ಲಲ್ಲಿ ಮಾಡಕ್ಕೆ ಹೊರಟಿದ್ದ. ಅದನ್ನ ನೋಡ್ಕೊಂಡು ಹೋಗಕ್ಕೆ ಆಗ್ಲಿಲ್ಲ."

"ಆಮೇಲೆ?"

"ಮಾತಾಡದೆ ಹೋಗಿ ಪಕ್ಕ ಕೂತೆ. ಅವನೂ ಮಾತಾಡ್ಲಿಲ್ಲ. ಕೆಳಗಿನ ತುದಿ ಬಿಡಿಸಿದೆ, ಹಳೇದನ್ನ ಹಿಡಿದು ಒಂದೇ ಸಲಕ್ಕೆ ಜಗ್ಗಿದೆ. ಪೂರ್ತಿ ಬಂತು. ಆಗ ಬಾಯಿ ಬಿಟ್ಟ. 'ಎಳೆಯೋ ಮುಂಚೆ ತುದಿಗೆ ಹುರಿ ಕಟ್ಟಬೇಕಿತ್ತು, ಕತ್ತೆ' ಅಂದ. ಇಷ್ಟು ವರ್ಷ ಆದ್ಮೇಲೆ ಅವನಾಡಿದ ಮೊದಲನೇ ಮಾತು ಅದು."

ಇಡ್ವಲ್ ಹಾಗೆಯೇ ಅಂದಿರುತ್ತಾನೆ. ಕೆಲಸ ಬಲ್ಲವರು ಹಳೆಯ ಕೇಬಲಿನ ತುದಿಗೆ ಹುರಿ ಕಟ್ಟಿ ಇನ್ನೊಂದು ಕಡೆಯಿಂದ ಎಳೆಯುತ್ತಾರೆ. ಕೇಬಲ್ ಹೊರಬಂದರೂ ಅದರ ದಾರಿಯಲ್ಲಿ ಹುರಿ ಉಳಿದಿರುತ್ತದೆ. ಹೊಸದನ್ನು ಅದಕ್ಕೆ ಕಟ್ಟಿ ವಾಪಸ್ಸು ಎಳೆದರೆ ತಾನಾಗಿಯೇ ಟ್ಯಾಂಕಿನ ಅಡಿ ನುಸುಳಿ ಬರುತ್ತದೆ. ಬರಿದೇ ಎಳೆದುಬಿಟ್ಟರೆ ದಾರಿ ಹೋಯಿತು, ಟ್ಯಾಂಕನ್ನೇ ಎತ್ತಬೇಕು.

"ಅದಕ್ಕೇ ಹೊರಗಿಂದ ಹಾಯಿಸಿದೆ," ಎಂದ ಟೆಗಿಡ್. "ಗುಂಡನ್ನ ಗೂಡಿಗೆ ಹಾಕು, ನಟ್ ಅಷ್ಟು ಬಿಗಿ ಮಾಡಬೇಡ, ಹಿಡಿಯ ಬುಡದಲ್ಲಿ ಒಂದು ಪೆನ್ನಿ ನಾಣ್ಯ ಹಿಡಿಯೋವಷ್ಟು ಸಡಿಲ ಬಿಡು. ಅವನು ಬೈಯೋದು, ನಾನು ಮಾಡೋದು. ಕೊನೇಲಿ ಹ್ಯಾಂಡಲ್ ತಿರುಗಿಸಿ ನೋಡಿದ. ಬಿಗಿದುಕೊಳ್ತು. ನಗಕ್ಕೆ ಶುರು ಮಾಡಿದ. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕ. 'ಇರ್ಲಿ ಬಿಡು, ಮೆರೆರಿಡ್ ಸರಿ ಮಾಡ್ತಾಳೆ. ಗ್ಯಾರೇಜ್ ಮಾರಲ್ಲ ಅಂತ ಅವಳಿಗೆ ಹೇಳಬೇಕು, ನಿನ್ನೆ ಸುಮ್ಮನೆ ಕೂಗಾಡಿಬಿಟ್ಟೆ' ಅಂದ. ಆಮೇಲೆ ಕೈ ಚಾಚಿದ. ಆ ಕೈನ ಅದುಮಕ್ಕೂ ನನಗೆ ಹೆದರಿಕೆ ಆಯ್ತು."

ಟೆಗಿಡ್ ತನ್ನ ಅಂಗೈಯನ್ನು ನೋಡಿಕೊಂಡ. ಅವನು ಕೊಲೆಗಾರನಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಅವನು ಕೋಟಿನ ಜೇಬಿನಿಂದ 'ಇದು ಹಳೇದು' ಎಂದು ಸುರುಳಿ ಸುತ್ತಿದ ಕೇಬಲೊಂದನ್ನು ತೆಗೆದುಕೊಟ್ಟ. ಬೆಟ್ಟದ ಮೇಲೆ ತಂತಿ ಬಿಟ್ಟು ಬಂದರೆ ಕುರಿಯ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ತಂದಿದ್ದ. ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಎಳೆಗಳು ಒಂದೊಂದಾಗಿ ಸವೆದು ತುಕ್ಕು ಹಿಡಿದು ಹರಿದಿದ್ದವು. ಯಾರೂ ಕತ್ತರಿಸಿದ್ದಲ್ಲ, ಅರ ಹಾಕಿದ್ದಲ್ಲ. ಹಳೆಯದಾಗಿತ್ತು, ತುಂಡಾಯಿತು.

"ನಡಿ ಟೆಗಿಡ್," ಎಂದೆ. "ಇದನ್ನೆಲ್ಲ ಹ್ಯಾರಪ್‌ಗೆ ಹೇಳು. ಅಪ್ಪನಿಗೆ ಮಗಳ ಮೇಲೆ ಕೋಪ ಇರಲಿಲ್ಲ ಅಂತ ನಿನ್ನ ಬಾಯಿಂದ ಕೇಳಿದ್ರೆ ಸಾಕು. ಅರ್ಧ ಕೇಸು ಬಿದ್ದುಹೋಗುತ್ತೆ."

"ನಾನು ಬರಲ್ಲ."

"ಯಾಕೆ?"

"ಬರಲ್ಲ ಅಂದ್ನಲ್ಲ. ಗೇಟಿಗೇ ಹೋಗಿರಲಿಲ್ಲ ಅಂತ ಹೇಳಿದೀನಿ. ಅಷ್ಟಕ್ಕೇ ನಿಲ್ಲಿಸು. ಆ ಹುರಿ ಬಿಚ್ಚಿ ಒಲೆಗೆ ಹಾಕು."

"ಟೆಗಿಡ್, ಆ ಹುಡುಗಿ ಜೀವನಪೂರ್ತಿ ಒಳಗೆ ಕೊಳೀತಾಳೆ. ನಿನ್ನ ಹಟ ಇನ್ನೂ ಮುಗಿಲಿಲ್ವಾ?"

ಅವನು ಎದ್ದು ನಿಂತ. ನಾನು ಅವನನ್ನು ಅಷ್ಟು ಸಿಟ್ಟಿನಲ್ಲಿ ಹಿಂದೆ ನೋಡಿರಲಿಲ್ಲ.

"ಚಾಪೆಲಿನ ಸಂಡೇ ಸ್ಕೂಲಲ್ಲಿ ಅವಳಿಗೆ ಅಕ್ಷರ ಕಲಿಸಿದೋನು ನಾನು. ಅವಳಿಗೋಸ್ಕರವೇ ಬಾಯಿ ಮುಚ್ಕೊಂಡಿದೀನಿ. ನಿಂಗೆ ಗೊತ್ತಾಗ್ತಿಲ್ವಾ? ಗೇಟಿಗೆ ಹೋಗಿದ್ದೆ ಅಂತ ಒಪ್ಪಿಕೊಂಡ್ರೆ, ಮುಂದೆ ಏನು ನೋಡ್ದೆ ಅಂತ ಕೇಳ್ತಾರೆ."

"ಏನು ನೋಡ್ದೆ?"

"ಕೇಳಬೇಡ ಎಮ್ಲಿನ್."

"ಕೇಳ್ತಿದೀನಿ."

ಅವನು ಬೆಟ್ಟದ ಕಡೆ ಮುಖ ತಿರುಗಿಸಿದ. "ಅವನು ಎಂಜಿನ್ ಬಿಸಿಯಾಗಲಿ ಅಂತ ನಿಲ್ಲಿಸಿಕೊಂಡಿದ್ದ. ನಾನು ಕುರಿ ಹಿಂದೆ ಮೇಲೆ ಹೋದೆ. ಕಲ್ಲುಗೋಡೆ ಹತ್ರ ಹೋಗೋ ಹೊತ್ತಿಗೆ ಎಂಜಿನ್ ನಿಂತ ಹಾಗಾಯ್ತು. ತಿರುಗಿ ನೋಡ್ದೆ. ಗ್ಯಾರೇಜಿನ ವ್ಯಾನ್ ಬಂದು ನಿಂತಿತ್ತು. ಒಬ್ಬ ಹೆಂಗಸು ಇಳಿದು ಅವನ ಎದುರು ನಿಂತಿದ್ದಳು. ಮಗಳು ಬಂದಳು, ಒಳ್ಳೇದಾಯ್ತು ಅಂದ್ಕೊಂಡು ಗುಡ್ಡ ದಾಟಿದೆ."

"ಮುಖ ನೋಡಿದ್ಯಾ?"

"ಅಷ್ಟು ದೂರದಿಂದ ಯಾರ ಮುಖ ಕಾಣುತ್ತೆ. ಕೋಟು, ತಲೆಗೆ ಕಟ್ಟಿದ ಸ್ಕಾರ್ಫು. ಗಾಳೀಲಿ ಎಲ್ಲ ಹೆಂಗಸರೂ ಹಾಗೇ ಕಾಣ್ತಾರೆ. ಅವರ ವ್ಯಾನಲ್ಲಿ ಅವಳಲ್ಲದೆ ಇನ್ಯಾರು ಬರ್ತಾರೆ?"

ನಾನು ಅವನನ್ನು ಕೇಳಬಾರದಿತ್ತು. ಹ್ಯಾರಪ್ ಬಳಿ ಇದ್ದದ್ದು ಕೆಸರಿನ ಗುರುತು ಮಾತ್ರ. ಈಗ ಕಣ್ಣಾರೆ ಕಂಡ ಸಾಕ್ಷಿಯೊಂದು ಸಿಕ್ಕಿತ್ತು, ಹುಡುಕಿ ತೆಗೆದವನು ನಾನೇ.

"ಪೊಲೀಸಾಗಿ ಕೇಳಿದ್ಯೋ ಮಾವನಾಗಿ ಕೇಳಿದ್ಯೋ, ನೀನೇ ನೋಡ್ಕೊ," ಎಂದ ಟೆಗಿಡ್. "ಕೋರ್ಟಿಗೆ ಕರೆದ್ರೆ ನಾನು ಬೈಬಲ್ ಮುಟ್ಟಿ ಸುಳ್ಳು ಹೇಳಲ್ಲ. ಅದಕ್ಕೇ ಕರೀಬೇಡ."

ಠಾಣೆಗೆ ಮರಳಿದಾಗ ಹ್ಯಾರಪ್ ಮೇಜಿನ ಮೇಲೆ ಚಹಾದ ಬಟ್ಟಲು ಇಟ್ಟುಕೊಂಡು ಕಾಯುತ್ತಿದ್ದರು.

"ಸಿಕ್ಕಿದನಾ?"

"ಹೇಳ್ತೀನಿ ಸರ್. ಅದಕ್ಕೂ ಮುಂಚೆ ಒಂದ್ಸಲ ಅವಳನ್ನ ನೋಡಬೇಕು."

ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಇಂಗ್ಲಿಷಲ್ಲಿ ನಮಗೆ ಒಂದು ಮಾತೂ ಹೇಳಿಲ್ಲ ಆಕೆ. ನಿಮ್ಮ ಭಾಷೇಲಿ ನಿಮ್ಮ ಹತ್ರ ಹೇಳಬಹುದು. ನೋಡಿ. ಆದ್ರೆ ನಾನು ಬಾಗಿಲಲ್ಲೇ ನಿಂತಿರ್ತೀನಿ. ಮುಗಿದ ಮೇಲೆ ಅವಳಂದಿದ್ದನ್ನ ಪದಕ್ಕೆ ಪದ ಇಂಗ್ಲಿಷಲ್ಲಿ ಹೇಳಬೇಕು. ಪೊಲೀಸಾಗಿ ಮಾತು ಕೊಡಿ."

ಕೊಟ್ಟೆ.

ಮೆರೆರಿಡ್ ಮಂಚದ ತುದಿಯಲ್ಲಿ ಕುಳಿತಿದ್ದಳು. ಶನಿವಾರದ ಗ್ರೀಸು ಇನ್ನೂ ಉಗುರುಗಳಲ್ಲಿತ್ತು. ನನ್ನನ್ನು ಕಂಡು ಎದ್ದಳು, ಆದರೆ ಬಳಿಗೆ ಬರಲಿಲ್ಲ.

"ಅಪ್ಪನ್ನ ಯಾವಾಗ ಹೂಳ್ತಾರೆ ಮಾವ?"

"ಶುಕ್ರವಾರ."

"ಅತ್ತೆ ಏನಾದ್ರೂ ತಿಂತಿದಾರಾ?"

"ಬಂದೋರಿಗೆಲ್ಲ ತಿನ್ನಿಸ್ತಿದಾಳೆ. ನೀನು ಕೂತ್ಕೋ."

ಕುಳಿತಳು. ಅವಳ ಎದುರು ಮೊಣಕಾಲೂರಿ ಕುಳಿತು, ಟೆಗಿಡ್ ಹೇಳಿದ್ದರಲ್ಲಿ ಒಂದನ್ನು ಮಾತ್ರ ಹೇಳಿದೆ. ವ್ಯಾನನ್ನೂ ಹೆಂಗಸನ್ನೂ ಒಬ್ಬರು ನೋಡಿದ್ದಾರೆ ಎಂದೆ. ಅವಳ ಮುಖದ ಬಣ್ಣ ಇಳಿಯಿತು. ಯಾರು ನೋಡಿದ್ದು ಎಂದು ಕೇಳಲಿಲ್ಲ.

"ನಾನೇ ಅದು," ಎಂದಳು. "ಬರ್ಕೊಳ್ಳಿ. ನಾನೇ ಹೋಗಿದ್ದೆ. ಜಗಳ ಆಯ್ತು, ತಳ್ಳಿದೆ. ಸಾಕಾ?"

ಆದರೂ ನನ್ನೊಳಗಿನ ಪೊಲೀಸು ಬಾಯಿ ಮುಚ್ಚಲಿಲ್ಲ.

"ಬೈಕ್ ಎಲ್ಲಿತ್ತು?"

"ಗೇಟಿನ ಹತ್ರ. ಸ್ಟ್ಯಾಂಡ್ ಹಾಕಿತ್ತು."

"ನೀನು ಹೋದಾಗ ಅಪ್ಪ ಏನು ಮಾಡ್ತಿದ್ದ?"

"ಏನೂ ಇಲ್ಲ. ಗೇಟು ತೆಗೀತಿದ್ದ."

"ಬೈಕಲ್ಲಿ ಏನಾದ್ರೂ ವ್ಯತ್ಯಾಸ ಕಾಣ್ತಾ?"

ಅವಳು ಹುಬ್ಬು ಗಂಟಿಕ್ಕಿದಳು. "ಏನು ವ್ಯತ್ಯಾಸ? ಯಾವಾಗಲೂ ಇದ್ದ ಹಾಗೇ ಇತ್ತು."

"ಕ್ಲಚ್ ಕೇಬಲ್?"

"ಅದಕ್ಕೇನಾಗಿತ್ತು?"

ಅವಳಿಗೆ ಗೊತ್ತಿರಲಿಲ್ಲ. ಶನಿವಾರದಿಂದ ಅವಳು ಆ ಬೈಕನ್ನು ನೋಡಿಯೇ ಇಲ್ಲ, ಅದನ್ನು ಬೆಟ್ಟದಿಂದ ನೇರ ಈ ಅಂಗಳಕ್ಕೆ ತಂದಿದ್ದರು. ಟ್ಯಾಂಕಿನ ಪಕ್ಕ ನೀಲಿ ಹುರಿಯಲ್ಲಿ ಕಟ್ಟಿ ಜೋತುಬಿದ್ದ ಕೇಬಲನ್ನು ಕಂಡಿದ್ದರೆ, ಅಪ್ಪನ ಮೇಲೆ ಎಷ್ಟೇ ಕೋಪವಿರಲಿ, ಈ ಹುಡುಗಿ ಮೊದಲು ಸ್ಪ್ಯಾನರ್ ಹುಡುಕುತ್ತಿದ್ದಳು. ಆ ಹೊತ್ತು ಗೇಟಿನ ಬಳಿ ನಿಂತಿದ್ದವಳು ಮೆರೆರಿಡ್ ಅಲ್ಲ.

ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

"ನೀನು ಅಲ್ಲಿಗೆ ಹೋಗೇ ಇಲ್ಲ. ನೂರು ಸಲ ಕೇಳಿದ್ರೂ ನಾನು ಇದನ್ನೇ ಹೇಳ್ತೀನಿ, ಕೋರ್ಟಲ್ಲೂ ಹೇಳ್ತೀನಿ. ಈಗ ಒಂದೇ ಒಂದು ಮಾತು ಹೇಳು. ವ್ಯಾನ್ ಯಾರ ಕೈಲಿತ್ತು?"

"ಮಾವ, ಬೇಡ."

"ಯಾರನ್ನ ಕಾಪಾಡ್ತಿದೀಯ? ನಿನ್ನ ಅಪ್ಪನ್ನ ಕೊಂದೋರನ್ನಾ?"

"ಏನಾಯ್ತೋ ನಂಗೆ ಗೊತ್ತಿಲ್ಲ. ನೀವು ಕುರಿ ಸಂತೆ ಬಂದೋಬಸ್ತಿಗೆ ಹೋಗಿದ್ರಿ." ಅವಳ ದನಿ ತೀರ ಸಣ್ಣದಾಗಿತ್ತು, ನಾನು ಬಾಗಿ ಕೇಳಬೇಕಾಯಿತು. "ಮಧ್ಯಾಹ್ನ ಅತ್ತೆ ಬಂದು ವ್ಯಾನ್ ಕೇಳಿದ್ರು, ಗ್ಯಾರೇಜ್ ವಿಷಯ ಅಪ್ಪನ ಹತ್ರ ಮಾತಾಡ್ತೀನಿ ಅಂದ್ರು. ಬೀಗದ ಕೈ ಕೊಟ್ಟೆ. ವಾಪಸ್ಸು ತಂದು ನಿಲ್ಲಿಸಿದಾಗ ಬೂಟೆಲ್ಲ ಕೆಸರು. ನನ್ನ ಮುಖ ನೋಡಿ ಏನೂ ಹೇಳ್ಲಿಲ್ಲ, ಹೋಗಿಬಿಟ್ರು. ನಾನೂ ಕೇಳ್ಲಿಲ್ಲ. ಅದಾದ್ಮೇಲೇ ನಿಮ್ಮೋರು ಬಂದು ಅಪ್ಪನ ವಿಷಯ ಹೇಳಿದ್ದು."

ಓಲ್ವೆನ್ ಕತ್ತರಿಸಿಟ್ಟ ದಪ್ಪದಪ್ಪ ಹೋಳುಗಳು ನನ್ನ ಕಣ್ಣ ಮುಂದೆ ಬಂದವು.

"ಅಪ್ಪ ಹೋದ ಮಾವ. ನನ್ನ ಸಾಕಿದೋರನ್ನ ನಾನು ಬಿಟ್ಟುಕೊಡಲ್ಲ. ನೀವೂ ಬಿಟ್ಟುಕೊಡಬೇಡಿ," ಎಂದಳು ಮೆರೆರಿಡ್. "ನಾನೇ ಅಂತ ಹೇಳಿ."

ಹಿಂದೆ ಬಾಗಿಲು ಸದ್ದಾಯಿತು. ಹ್ಯಾರಪ್ ಒಳಗೆ ಬಂದಿದ್ದರು.

"ಎಲ್ಲ ಕೇಳಿಸ್ಕೊಂಡೆ, ಒಂದೂ ಅರ್ಥ ಆಗ್ಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಕಡೆಗೂ ಬಾಯಿ ಬಿಟ್ಟಳಲ್ಲ. ಏನಂದಳು, ಪ್ಯೂ?"

ಮೆರೆರಿಡ್ ನನ್ನ ಕೈಗಳನ್ನು ಬಿಟ್ಟು, ತಲೆಯೆತ್ತಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಇಂಗ್ಲಿಷು ಅವಳಿಗೂ ಚೆನ್ನಾಗಿ ಬರುತ್ತದೆ. ಹ್ಯಾರಪ್ ಪೆನ್ನಿನ ಮುಚ್ಚಳ ತೆಗೆದು ಕಾದು ನಿಂತರು.